ಬೈಗುಳ ಯಾಕೆ ಯಾವಾಗಲೂ ಚೆಂಡು ಹಿಡಿದವನಿಗೇ?

ಬೆಳಿಗ್ಗೆ ಮೈದಾನದಿಂದ ಬಂದಾಗಿನಿಂದ ತಲೆ ಬಿಸಿಯಾಗಿದೆ. ಸಾರಿಗೆ ಒಗ್ಗರಣೆ ಹಾಕುವಾಗಲೂ ಅದೇ ಯೋಚನೆ. ಬರೆದರಾದರೂ ಸಮಾಧಾನ ಆಗುತ್ತದೇನೋ ಅಂತ ಕೂತಿದ್ದೇನೆ.

ಮಗ ಫ್ಲ್ಯಾಗ್ ಫುಟ್‌ಬಾಲ್ (ಯಾರನ್ನೂ ಕೆಡವದೆ ಆಡುವ ಅಮೆರಿಕನ್ ಫುಟ್‌ಬಾಲ್) ಆಡುವುದು ನಿಮಗೆಲ್ಲ ಗೊತ್ತು. ಅವನದು ಸೆಂಟರ್ ಜಾಗ. ಬಗ್ಗಿ ನಿಂತು, ಕಾಲಿನ ಸಂದಿಯಿಂದ ಹಿಂದಕ್ಕೆ ಚೆಂಡು ಕೊಡುವವನು; ಹಾಗೆ ಕೊಡುವುದಕ್ಕೇ ಸ್ನ್ಯಾಪ್ ಅನ್ನುವುದು. ಇವತ್ತು ಹುಲ್ಲು ಇಬ್ಬನಿಗೆ ನೆನೆದಿತ್ತು, ಚೆಂಡು ಜಾರುತ್ತಿತ್ತು. ಎರಡು ಸಲ ಇವನು ಕೊಟ್ಟ ಚೆಂಡು ನೆಲಕ್ಕೆ ಬಡಿದು ಕ್ವಾರ್ಟರ್‌ಬ್ಯಾಕ್ ಹುಡುಗನ, ಅಂದರೆ ಅದನ್ನು ಹಿಡಿದು ಮುಂದಕ್ಕೆ ಎಸೆಯಬೇಕಾದವನ, ಪಾದದ ಹತ್ತಿರ ಉರುಳಿತು. ಎರಡು ಸಲವೂ ಆ ಹುಡುಗನ ಅಪ್ಪ ಗೆರೆಯ ಆಚೆಯಿಂದ ಕೂಗಾಡಿದ್ದು ತನ್ನ ಮಗನ ಮೇಲೆ. ಕಣ್ಣು ಎಲ್ಲಿಟ್ಟಿದ್ದೀಯಾ, ಒಂದು ಚೆಂಡು ಹಿಡಿಯೋಕೆ ಬರಲ್ವಾ ಅಂತ. ಹತ್ತು ವರ್ಷದ ಮಗು ಅದು. ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಮತ್ತೆ ಒರೆಸಿಕೊಂಡು, ತಲೆ ತಗ್ಗಿಸಿ ನಿಂತಿತ್ತು.

ಕಾರಿನಲ್ಲಿ ನನ್ನ ಮಗ ಹೇಳಿದ, "ಅಮ್ಮಾ, ಸ್ನ್ಯಾಪ್ ಕೆಡಿಸಿದ್ದು ನಾನು. ನಂಗೆ ಯಾರೂ ಏನೂ ಅನ್ಲಿಲ್ಲ."

ಚಿಕಾಗೋದಲ್ಲಿ ಇದ್ದುಕೊಂಡು ನಮ್ಮೂರಿನ ಅಮೆರಿಕನ್ ಫುಟ್‌ಬಾಲ್ ತಂಡ ಬೇರ್ಸ್ ನೋಡುವವರಿಗೆ ಈ ಕಥೆ ಹೊಸದಲ್ಲ. ಕ್ವಾರ್ಟರ್‌ಬ್ಯಾಕ್ ಕೇಲಬ್ ವಿಲಿಯಮ್ಸ್ ಬಂದ ಮೊದಲ ವರ್ಷ, 2024ರಲ್ಲಿ, ನಮ್ಮ ಗುಂಪಿನಲ್ಲೇ ಎಷ್ಟು ಮಾತು ಬಂತು! ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಮೊದಲನೇ ಆಯ್ಕೆ ದಂಡ ಆಯ್ತು, ಹುಡುಗ ಬರೀ ಬಿಲ್ಡಪ್ ಅಂದರು. ಆ ವರ್ಷ ಅವನನ್ನು 68 ಸಲ ಸ್ಯಾಕ್ ಮಾಡಿದರು. ಊರಿನಲ್ಲಿ ಓದುವ ಗೆಳೆಯರಿಗಾಗಿ ಹೇಳುತ್ತೇನೆ: ಸ್ಯಾಕ್ ಅಂದರೆ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಹಿಡಿದು ಕೆಡವುವುದು. ಕೆಡವುವವರು ನೂರಿಪ್ಪತ್ತು, ನೂರಮೂವತ್ತು ಕಿಲೋ ತೂಗುವ ಆಳುಗಳು. ಅವರನ್ನು ತಡೆಯಬೇಕಾದದ್ದು ಅವನ ಮುಂದೆ ಸಾಲಾಗಿ ನಿಲ್ಲುವ ಐದು ಜನ. 17 ಪಂದ್ಯ, 68 ಸ್ಯಾಕ್. ಪಂದ್ಯಕ್ಕೆ ನಾಲ್ಕು ಸಲ ನೆಲಕ್ಕೆ.

ನವೆಂಬರ್‌ನಲ್ಲಿ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಿರುದ್ಧದ ಪಂದ್ಯಕ್ಕೆ ನಾವು ಬೇರ್ಸ್‌ನ ಮೈದಾನ ಸೋಲ್ಜರ್ ಫೀಲ್ಡ್‌ಗೆ ಹೋಗಿದ್ದೆವು. ಸೀಟು ತೀರಾ ಮೇಲೆ. ಆದರೆ ಅಲ್ಲಿಂದ ಟಿವಿಯಲ್ಲಿ ಕಾಣದ್ದು ಕಾಣುತ್ತದೆ. ಟಿವಿಯವರು ಚೆಂಡಿನ ಹಿಂದೆ ಹೋಗುತ್ತಾರೆ. ಹುಡುಗ ಬಿದ್ದ ಮೇಲೆ ಅವನ ಮುಖವನ್ನು ದೊಡ್ಡದಾಗಿ ತೋರಿಸುತ್ತಾರೆ. ಅವನು ಬೀಳುವ ಎರಡು ಸೆಕೆಂಡ್ ಮೊದಲು ಎಡಗಡೆಯವನು ತಪ್ಪು ಆಳನ್ನು ಹಿಡಿದದ್ದು, ಮಧ್ಯದಲ್ಲಿ ಬಾಗಿಲು ತೆರೆದ ಹಾಗೆ ದಾರಿ ಬಿಟ್ಟುಕೊಟ್ಟದ್ದು ಯಾರಿಗೂ ನೆನಪಿರುವುದಿಲ್ಲ. ಆ ದಿನ ನಾನು ಚೆಂಡು ನೋಡುವುದನ್ನು ಬಿಟ್ಟು ಬರೀ ಆ ಐದು ಜನರನ್ನೇ ನೋಡಿದೆ. ಒಂಬತ್ತು ಸಲ ಸ್ಯಾಕ್ ಆಯಿತು. 19-3ಕ್ಕೆ ಸೋತೆವು. ಸುತ್ತಲಿನ ಜನ ಬೂ ಎನ್ನುತ್ತಿದ್ದರು. ನನ್ನ ಮುಂದಿನ ಸಾಲಿನವನ ಬಾಯಲ್ಲಿ ಇದ್ದದ್ದು ಕೇಲಬ್‌ನ ಹೆಸರೊಂದೇ.

ಎರಡು ದಿನಕ್ಕೆ ದಾಳಿಯ ಯೋಜನೆ ಮಾಡುತ್ತಿದ್ದ ಕೋಚ್ ಶೇನ್ ವಾಲ್ಡ್ರನ್ ಅವರನ್ನು ತೆಗೆದರು. ಥ್ಯಾಂಕ್ಸ್‌ಗಿವಿಂಗ್ ದಿನ ಡೆಟ್ರಾಯ್ಟ್‌ನಲ್ಲಿ ಇನ್ನೊಂದು. 23-20ರಲ್ಲಿ ಹಿಂದಿದ್ದೇವೆ, ಉಳಿದಿರುವುದು ಸುಮಾರು ಅರ್ಧ ನಿಮಿಷ. ಅವನನ್ನು ಮತ್ತೆ ಕೆಡವಿದರು. ಕೈಯಲ್ಲಿ ಗಡಿಯಾರ ನಿಲ್ಲಿಸುವ ಒಂದು ಟೈಮ್‌ಔಟ್ ಇದೆ. ಮುಖ್ಯ ಕೋಚ್ ಅದನ್ನು ತೆಗೆದುಕೊಳ್ಳಲೇ ಇಲ್ಲ. ಗಡಿಯಾರ ಓಡಿತು, ಓಡಿತು, ಕೊನೆಯ ಎಸೆತ ಮುಗಿಯುವಷ್ಟರಲ್ಲಿ ಪಂದ್ಯವೂ ಮುಗಿಯಿತು. ಮರುದಿನ ಆ ಕೋಚ್ ಮ್ಯಾಟ್ ಎಬರ್‌ಫ್ಲೂಸ್ ಅವರನ್ನೂ ತೆಗೆದರು. ಮೊದಲ ವರ್ಷದ ಹುಡುಗನಿಗೆ ಅರ್ಧ ಸೀಸನ್ ದಾಟಿದ ಮೇಲೆ ಪಾಠ ಹೇಳುವವರೇ ಬದಲಾದರು. ಆಮೇಲೂ ನಮ್ಮವರು ಕೇಳಿದ್ದು "ಅವನೇ ಯಾಕೆ ಬೇಗ ಬೇಗ ಆಡಿಸಲಿಲ್ಲ?"

ಒಂದು ಮಾತು ಒಪ್ಪಿಕೊಳ್ಳಬೇಕು. ನಾನೂ ಹೀಗೇ ಮಾಡಿದ್ದೇನೆ. 2021ರ ಸೆಪ್ಟೆಂಬರ್‌ನಲ್ಲಿ, ಕೇಲಬ್‌ಗಿಂತ ಮೊದಲು ಕ್ವಾರ್ಟರ್‌ಬ್ಯಾಕ್ ಆಗಿದ್ದ ಜಸ್ಟಿನ್ ಫೀಲ್ಡ್ಸ್ ಬೇರ್ಸ್‌ಗಾಗಿ ಮೊದಲ ಸಲ ಪಂದ್ಯ ಶುರು ಮಾಡಿದ, ಕ್ಲೀವ್‌ಲ್ಯಾಂಡ್‌ನಲ್ಲಿ. ಒಂಬತ್ತು ಸ್ಯಾಕ್. ಸ್ಯಾಕ್‌ನಲ್ಲಿ ಕಳೆದುಕೊಂಡದ್ದನ್ನು ಕಳೆದರೆ ಪಾಸ್‌ನಿಂದ, ಅಂದರೆ ಚೆಂಡಿನ ಎಸೆತದಿಂದ, ತಂಡಕ್ಕೆ ಮುಂದೆ ಸಾಗಲು ಸಿಕ್ಕಿದ್ದು 1 ಗಜ. ಇಡೀ ಪಂದ್ಯದಲ್ಲಿ ಒಂದೇ ಗಜ! ಅವತ್ತು ಸೋಫಾದಲ್ಲಿ ಕೂತು "ಈ ಹುಡುಗನ ಕೈಲಿ ಆಗಲ್ಲ ಬಿಡಿ" ಅಂತ ಇವರಿಗೆ ಹೇಳಿದ್ದು ನಾನೇ. ಮೂರು ವರ್ಷಕ್ಕೆ ಅವನನ್ನು ಪಿಟ್ಸ್‌ಬರ್ಗ್‌ಗೆ ದಾಟಿಸಿದರು, ಬದಲಿಗೆ ಬಂದದ್ದು ಡ್ರಾಫ್ಟ್‌ನ ಆರನೇ ಸುತ್ತಿನ ಒಂದು ಆಯ್ಕೆ. ಅವನ ಮುಂದೆ ಗಟ್ಟಿ ಸಾಲು ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಆ ಮಾತು ನೆನೆದರೆ ಈಗಲೂ ಬೇಜಾರಾಗುತ್ತದೆ.

ಕೇಲಬ್ ಚೆಂಡನ್ನು ತುಂಬಾ ಹೊತ್ತು ಹಿಡಿದುಕೊಂಡಿರುತ್ತಿದ್ದ, ಹೊರಗೆ ಎಸೆದುಬಿಡಬೇಕಿತ್ತು ಅನ್ನುತ್ತೀರಿ. ನಿಜ, ಕೆಲವು ಸ್ಯಾಕ್ ಅವನದೇ ತಪ್ಪು. ಆದರೆ ಇಪ್ಪತ್ತೆರಡು, ಇಪ್ಪತ್ತಮೂರು ವಯಸ್ಸಿನವನಿಗೆ ಅದನ್ನು ಕಲಿಸುವುದು ಯಾರ ಕೆಲಸ? ತಂಡದ್ದೇ ಅಲ್ವಾ? ಕೋಟಿಗಟ್ಟಲೆ ಸಂಬಳ ತಗೊಳ್ಳುವವನು ಬೈಸಿಕೊಳ್ಳಲಿ ಅನ್ನುವವರೂ ಇದ್ದಾರೆ. ಸಂಬಳ ಕೊಡುವುದು ಎಸೆಯುವುದಕ್ಕೆ. ತನ್ನನ್ನು ತಾನೇ ಕಾಯ್ದುಕೊಂಡು ಎಸೆಯುವುದಕ್ಕಲ್ಲ. ಅಷ್ಟು ಪೆಟ್ಟಿನ ನಡುವೆಯೂ ಆ ವರ್ಷ ಅವನು ಅಂಕ ತರುವ 20 ಟಚ್‌ಡೌನ್ ಎಸೆದ. ಎದುರಾಳಿ ಕೈಗೆ ಚೆಂಡು ಕೊಟ್ಟದ್ದು ಆರೇ ಸಲ. ಇದನ್ನು ಯಾರೂ ಎತ್ತಿ ಹೇಳಲಿಲ್ಲ.

ಮುಂದಿನ ವರ್ಷ ಏನಾಯಿತು ನೋಡಿ. ಸಾಲಿನ ಮಧ್ಯಕ್ಕೆ ಮೂವರನ್ನು ತಂದರು: ಜೋ ಥೂನಿ, ಡ್ರೂ ಡಾಲ್ಮನ್, ಜೋನಾ ಜಾಕ್ಸನ್. ಡೆಟ್ರಾಯ್ಟ್‌ನಿಂದ ಬೆನ್ ಜಾನ್ಸನ್ ಮುಖ್ಯ ಕೋಚ್ ಆಗಿ ಬಂದರು. ಅದೇ ಹುಡುಗ, ಅದೇ ಕೈ. ಸ್ಯಾಕ್ 68ರಿಂದ 24ಕ್ಕೆ ಇಳಿಯಿತು. 5 ಗೆದ್ದು 12 ಸೋತಿದ್ದ ತಂಡ 11 ಗೆದ್ದಿತು. ಒಂದು ಸೀಸನ್‌ನಲ್ಲಿ ಎಸೆತದಿಂದ ಅತಿ ಹೆಚ್ಚು ಗಜ ಗಳಿಸಿದ, 1995ರಿಂದ ಇದ್ದ ಬೇರ್ಸ್‌ನ ದಾಖಲೆಯನ್ನು ಅವನು ಮುರಿದ. ಈಗ ಅದೇ ನಮ್ಮ ಗುಂಪಿನವರು "ನಾನು ಅವತ್ತೇ ಹೇಳಿರಲಿಲ್ವಾ" ಅನ್ನುತ್ತಿದ್ದಾರೆ. ಇಲ್ಲ, ಹೇಳಿರಲಿಲ್ಲ. ಮೆಸೇಜ್‌ಗಳು ಇನ್ನೂ ನನ್ನ ಫೋನಿನಲ್ಲಿವೆ.

ಎಲ್ಲರಿಗೂ ಈ ಭಾಗ್ಯ ಸಿಗುವುದಿಲ್ಲ. ಡೇವಿಡ್ ಕಾರ್ ಅಂತ ಒಬ್ಬ ಕ್ವಾರ್ಟರ್‌ಬ್ಯಾಕ್ ಇದ್ದ. 2002ರಲ್ಲಿ ಹ್ಯೂಸ್ಟನ್‌ನ ಹೊಸ ತಂಡಕ್ಕೆ ಮೊದಲನೇ ಆಯ್ಕೆಯಾಗಿ ಬಂದ. ಮೊದಲ ವರ್ಷವೇ 76 ಸ್ಯಾಕ್. ಇವತ್ತಿಗೂ ಅದೇ ದಾಖಲೆ. ಮೂರು ವರ್ಷದ ನಂತರ ಮತ್ತೆ 68. ಆಮೇಲೆ ಬೇರೆ ತಂಡಗಳಲ್ಲಿ ಬ್ಯಾಕಪ್ ಆಗಿಯೇ ಉಳಿದ. ಅವನಿಗೆ ಎಷ್ಟು ಆಟ ಬರುತ್ತಿತ್ತು ಅಂತ ನೋಡುವುದಕ್ಕೇ ಯಾರೂ ಬಿಡಲಿಲ್ಲ.

ಅದಕ್ಕೇ ಬೆಳಿಗ್ಗೆ ಆ ಮಗು ಕೈ ಒರೆಸಿಕೊಂಡದ್ದು ಕಣ್ಣಿಂದ ಹೋಗುತ್ತಿಲ್ಲ. ಮಗ ಮಧ್ಯಾಹ್ನ ಅವನಿಗೆ ಫೋನ್ ಮಾಡಿ ಸಾರಿ ಕೇಳಿದ. ಈಗ ಹಿತ್ತಲಲ್ಲಿ ಚೆಂಡನ್ನು ಬಕೆಟ್ ನೀರಲ್ಲಿ ಅದ್ದಿ ಅದ್ದಿ ಇವರಿಗೆ ಸ್ನ್ಯಾಪ್ ಕೊಡುತ್ತಿದ್ದಾನೆ. ಮುಂದಿನ ಶನಿವಾರ ಒಂಬತ್ತಕ್ಕೆ ಪಂದ್ಯ ಇದೆ. ಆ ಅಪ್ಪನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂರುತ್ತೇನೆ. ಇವತ್ತಿನ ಎರಡೂ ಚೆಂಡು ಕೆಡಿಸಿದವನ ಅಮ್ಮ ನಾನು ಅಂತ ಮೊದಲು ಹೇಳುತ್ತೇನೆ.