ಗಾಳಿ ಜೋರಿರುವಾಗ ಬೋಟು ಹೋಗುವುದಿಲ್ಲ

ಜೂನ್ ಬಂದು ಮಲ್ಪೆ, ಪಣಂಬೂರಿನ ಕಡಲು ಅಬ್ಬರಿಸಲು ಶುರುವಾದಾಗೆಲ್ಲ ಒಂದು ಪ್ರಶ್ನೆ ಕೇಳಿಬರುತ್ತದೆ: ಇಷ್ಟೊಂದು ಗಾಳಿ ಇದೆಯಲ್ಲ, ಇಲ್ಲೇ ಕಡಲಲ್ಲಿ ಗಾಳಿಯಂತ್ರ ಯಾಕೆ ನಿಲ್ಲಿಸಬಾರದು? ನ್ಯಾಯವಾದ ಪ್ರಶ್ನೆಯೇ. ಆದರೆ ಗಾಳಿಯಂತ್ರಕ್ಕೆ ಮಳೆಗಾಲದ ಗಾಳಿಯೊಂದೇ ಸಾಲದು, ವರ್ಷಪೂರ್ತಿಯ ಲೆಕ್ಕ ಬೇಕು. ಗಾಳಿಯಲ್ಲಿರುವ ಶಕ್ತಿ ವೇಗದ ಘನದ ಪ್ರಕಾರ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿಗಿಂತ 8 ಮೀಟರ್ ಬೀಸುವ ಗಾಳಿಯಲ್ಲಿ ಸುಮಾರು 2.4 ಪಟ್ಟು ಶಕ್ತಿ ಇರುತ್ತದೆ. ಕನ್ಯಾಕುಮಾರಿ ಕಡೆ ಘಟ್ಟದ ಸಂದಿನಲ್ಲಿ ಗಾಳಿ ನುಗ್ಗಿ ಬರುತ್ತದೆ. ನಮ್ಮಲ್ಲಿ ಅದೇ ಘಟ್ಟ ಗೋಡೆಯ ಹಾಗೆ ಅಡ್ಡ ನಿಂತಿದೆ. ಮಳೆಗಾಲ ಮುಗಿದರೆ ಮಧ್ಯಾಹ್ನದ ಕಡಲಗಾಳಿಯೇ ಗತಿ. ಕಡಲಲ್ಲಿ ಗಾಳಿಯಂತ್ರ ನಿಲ್ಲಿಸುವ ಮೊದಲ ಹಂತಕ್ಕೆ ಕೇಂದ್ರ ಸರ್ಕಾರ ಆರಿಸಿಕೊಂಡದ್ದು ಗುಜರಾತ್ ಮತ್ತು ತಮಿಳುನಾಡಿನ ಕಡಲನ್ನು. ಆ ಆಯ್ಕೆ ಸರಿ ಎಂದೇ ನನ್ನ ಅಭಿಪ್ರಾಯ.

2024ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ 7,453 ಕೋಟಿ ರೂಪಾಯಿಯದು. ಎರಡೂ ರಾಜ್ಯಗಳ ಕಡಲಲ್ಲಿ ತಲಾ 500 ಮೆಗಾವ್ಯಾಟ್. ಸರ್ಕಾರದ ಅಂದಾಜಿನಂತೆ ಎರಡೂ ಸೇರಿ ವರ್ಷಕ್ಕೆ 372 ಕೋಟಿ ಯೂನಿಟ್ ಕೊಡಬೇಕು. ದೇಶದಲ್ಲಿ ಒಂದು ವರ್ಷಕ್ಕೆ ತಯಾರಾಗುವ ವಿದ್ಯುತ್ತು ಸುಮಾರು 1.8 ಲಕ್ಷ ಕೋಟಿ ಯೂನಿಟ್. ಅಂದರೆ ನೂರಕ್ಕೆ 0.2. ಇಷ್ಟಕ್ಕೆ ಇಷ್ಟು ದುಡ್ಡೇ ಎಂದು ಕೇಳುವವರು ಯೂನಿಟ್ಟಿನ ಜೊತೆಗೆ ಗಂಟೆಯನ್ನೂ ನೋಡಬೇಕು. ಪಾವಗಡದ ಸೋಲಾರ್ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್, ಸಂಜೆ ಏಳಕ್ಕೆ ಅಲ್ಲಿಂದ ಬರುವುದು ಸೊನ್ನೆ. ಮನೆಮನೆಯಲ್ಲಿ ಲೈಟು, ಫ್ಯಾನು, ಮಿಕ್ಸಿ ಶುರುವಾಗುವುದು ಅದೇ ಹೊತ್ತಿಗೆ. ಆ ಎರಡು ರಾಜ್ಯಗಳ ಕಡಲ ಗಾಳಿ ರಾತ್ರಿಯೂ ಬೀಸುತ್ತದೆ, ಮೋಡ ಕವಿದ ಜುಲೈಯಲ್ಲೂ ಬೀಸುತ್ತದೆ. ಅದರ ಬೆಲೆ ಇರುವುದು ಅಲ್ಲಿ. ಒಂದು ಮಾತನ್ನು ಮಾತ್ರ ಮುಚ್ಚಿಡಬಾರದು: ಚಿತ್ರದುರ್ಗ, ಗದಗದ ಯಂತ್ರಗಳೂ ಜೋರಾಗಿ ತಿರುಗುವುದು ಅದೇ ಮಳೆಗಾಲದಲ್ಲಿ. ಹಾಗಾಗಿ ಜನವರಿಯ ಸಂಜೆಯ ಕೊರತೆಯನ್ನು ಕಡಲ ಗಾಳಿಯೊಂದೇ ನೀಗಿಸುತ್ತದೆ ಎಂದು ಹೇಳಲಾಗದು. ಅದಕ್ಕೆ ಜಲವಿದ್ಯುತ್ತೋ ಬ್ಯಾಟರಿಯೋ ಜೊತೆಗಿರಲೇಬೇಕು.

ನಿಜವಾದ ಕಷ್ಟ ಬೇರೆ ಇದೆ. ಅದು ಮೆಗಾವ್ಯಾಟ್ ಲೆಕ್ಕದಲ್ಲಿ ಕಾಣುವುದಿಲ್ಲ, ಬೋಟಿನವರಿಗೆ ಮಾತ್ರ ಕೂಡಲೇ ಅರ್ಥವಾಗುತ್ತದೆ. ಕೆಲಸದವರನ್ನು ಗಾಳಿಯಂತ್ರದ ಕಂಬಕ್ಕೆ ದಾಟಿಸುವ ಸಣ್ಣ ಹಡಗು ಮೂತಿಯನ್ನು ಕಂಬದ ಏಣಿಗೆ ಒತ್ತಿ ಹಿಡಿದು ನಿಲ್ಲುತ್ತದೆ. ಅಲೆ ಒಂದೂವರೆ ಮೀಟರ್ ದಾಟಿದರೆ ಏಣಿ ಹತ್ತುವುದು ಅಪಾಯ. ಪಶ್ಚಿಮ ಕರಾವಳಿಯ ಜೂನ್–ಜುಲೈಯಲ್ಲಿ ಎರಡು-ಮೂರು ಮೀಟರ್ ಅಲೆ ಮಾಮೂಲು. ಯಾಂತ್ರೀಕೃತ ಮೀನುಗಾರಿಕೆಗೆ 61 ದಿನ ನಿಷೇಧ ಇರುವುದೂ ಆಗಲೇ. ಗಾಳಿ ಅತಿ ಹೆಚ್ಚು ಇರುವ ತಿಂಗಳಲ್ಲಿ ಒಂದು ಸೆನ್ಸರ್ ಕೈಕೊಟ್ಟು ಯಂತ್ರ ನಿಂತರೂ ಅದನ್ನು ಸರಿಮಾಡಲು ಹೋಗುವವರಿಲ್ಲ. ಅಲೆಗೆ ತಕ್ಕಂತೆ ತಾನೇ ಹೊಂದಿಕೊಳ್ಳುವ ಸೇತುವೆ ಇರುವ ದೊಡ್ಡ ಹಡಗುಗಳು ಉತ್ತರ ಸಮುದ್ರದಲ್ಲಿವೆ, ಅವು ಎರಡೂವರೆ ಮೀಟರ್‌ವರೆಗೆ ನಿಭಾಯಿಸುತ್ತವೆ, ಆದರೆ ಬಾಡಿಗೆ ದುಬಾರಿ. ಆದ್ದರಿಂದ ಅಕ್ಟೋಬರ್‌ನಿಂದ ಮೇ ಒಳಗೆ ಎಲ್ಲ ಯಂತ್ರಗಳ ಬೋಲ್ಟ್ ಬಿಗಿ, ಗ್ರೀಸು, ಎಣ್ಣೆ, ಬ್ರೇಕಿನ ತಪಾಸಣೆ ಮುಗಿಸಿಯೇ ಮಳೆಗಾಲಕ್ಕೆ ಬಿಡಬೇಕು.

ಕೇಬಲ್ಲಿನ ಕಥೆ ಇನ್ನೂ ನಾಜೂಕು. ಯಂತ್ರದಿಂದ ಯಂತ್ರಕ್ಕೆ ಹೋಗುವ 66 ಕಿಲೋವೋಲ್ಟ್ ಕೇಬಲ್ಲನ್ನು ಮರಳಿನೊಳಗೆ ಒಂದೆರಡು ಮೀಟರ್ ಆಳಕ್ಕೆ ಹೂಳುತ್ತಾರೆ. ನೀರಿನ ಸೆಳೆತಕ್ಕೆ ಮರಳು ಕೊಚ್ಚಿಹೋದರೆ ಕೇಬಲ್ಲು ತೂಗಾಡುತ್ತದೆ, ತೂಗಾಡಿ ಸವೆಯುತ್ತದೆ. ಲಂಗರೋ ಕಡಲ ತಳದಲ್ಲಿ ಎಳೆಯುವ ಟ್ರಾಲ್ ಬಲೆಯ ಬೋರ್ಡೋ ಸಿಕ್ಕಿಕೊಂಡರೆ ಬಲೆಯೂ ಹೋಯಿತು, ಕೇಬಲ್ಲೂ ಹೋಯಿತು. ದುರಸ್ತಿಗೆ ಕೆಟ್ಟ ಭಾಗ ಕತ್ತರಿಸಿ, ಎರಡೂ ತುದಿಯನ್ನು ಹಡಗಿನ ಮೇಲೆತ್ತಿ, ಹೊಸ ತುಂಡು ಸೇರಿಸಿ ಎರಡು ಕಡೆ ಜಾಯಿಂಟ್ ಹಾಕಬೇಕು. ಅಷ್ಟೂ ದಿನ ಕಡಲು ಶಾಂತವಾಗಿರಬೇಕು. ಜೂನ್‌ನಲ್ಲಿ ಕಡಿದ ಕೇಬಲ್ಲು ಸೆಪ್ಟೆಂಬರ್ ಕಳೆಯದೆ ಸರಿಯಾಗುವುದು ಕಷ್ಟ. ಆ ಸಾಲಿನ ಯಂತ್ರಗಳೆಲ್ಲ ಅಲ್ಲಿಯವರೆಗೆ ಬರಿದೇ ನಿಂತಿರುತ್ತವೆ.

ಇದಕ್ಕೇ ಸರ್ವೆಗೆ ಮೊದಲು ಮೀನುಗಾರರ ಜೊತೆ ಕೂರಬೇಕು ಎನ್ನುವುದು. ಬಲೆ ಎಲ್ಲಿ ಎಳೆಯುತ್ತಾರೆ, ಲಂಗರು ಎಲ್ಲಿ ಹಾಕುತ್ತಾರೆ, ನೀರಿನಡಿಯ ಕಲ್ಲು ಎಲ್ಲಿದೆ ಎಂಬುದು ಬೋಟು ನಡೆಸುವ ತಂಡೇಲರಿಗೆ ಬಾಯಿಪಾಠ. ಅವರ ಜಿಪಿಎಸ್‌ನಲ್ಲಿರುವ ಗುರುತುಗಳನ್ನು ನಕ್ಷೆಗೆ ಇಳಿಸಿ ಕೇಬಲ್ಲಿನ ದಾರಿ ಹಾಕಿದರೆ ಎರಡೂ ಕಡೆಯವರಿಗೆ ಒಳಿತು. ಟೆಂಡರ್ ಮುಗಿದ ಮೇಲೆ ನಡೆಸುವ ಅಹವಾಲು ಸಭೆಯಿಂದ ಏನೂ ಆಗುವುದಿಲ್ಲ.

ರೆಕ್ಕೆಯ ವಿಷಯ ನಮ್ಮವರಿಗೆ ಹೊಸದಲ್ಲ. ಪಡುಬಿದ್ರಿಯಲ್ಲಿ ರೆಕ್ಕೆಗಳು ತಯಾರಾಗುತ್ತಿದ್ದವು. ಅಚ್ಚಿನೊಳಗೆ ಗಾಜಿನೆಳೆಯ ಬಟ್ಟೆ ಪದರ ಪದರವಾಗಿ ಹಾಸಿ, ನಡುವೆ ಹಗುರವಾದ ಬಾಲ್ಸಾ ಮರ ಇಟ್ಟು, ನಿರ್ವಾತದಲ್ಲಿ ರಾಳ ಎಳೆಸಿ, ಒಣಗಿಸಿ, ಎರಡು ಹೋಳುಗಳನ್ನು ಅಂಟಿಸುವ ಕೆಲಸ ಅದು. ಪದರದಲ್ಲಿ ಒಂದು ಸುಕ್ಕು ಉಳಿದರೂ ಮುಂದೊಂದು ದಿನ ಅಲ್ಲಿಂದಲೇ ಸೀಳು ಬಿಡುತ್ತದೆ. ದೊಡ್ಡ ರೆಕ್ಕೆಯ ತುದಿ ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಸುತ್ತುತ್ತದೆ. ಆ ವೇಗಕ್ಕೆ ನಮ್ಮ ಮಳೆಹನಿ ಮರಳಿನ ಕಣದಂತೆ ಬಡಿದು ರೆಕ್ಕೆಯ ಮುಂದಿನ ಅಂಚಿನ ಬಣ್ಣ ಕಿತ್ತು, ಗುಳಿ ಬೀಳಿಸುತ್ತದೆ. ಗುಳಿ ಬಿದ್ದ ರೆಕ್ಕೆ ಗಾಳಿಯನ್ನು ಸರಿಯಾಗಿ ಹಿಡಿಯುವುದಿಲ್ಲ, ಉತ್ಪಾದನೆ ಇಳಿಯುತ್ತದೆ. ಪ್ರತಿ ಬೇಸಿಗೆಯಲ್ಲಿ ಹಗ್ಗದಲ್ಲಿ ಇಳಿದು ಉಜ್ಜಿ, ಪುಟ್ಟಿ ತುಂಬಿ, ಹೊಸ ಲೇಪ ಹಚ್ಚುವವರು ಬೇಕು.

ಈ ಕೆಲಸಗಳನ್ನು ನಮ್ಮ ಜಿಲ್ಲೆಗಳು ಕೇಳಿ ಪಡೆಯಬೇಕು. ಅದೇ 7,453 ಕೋಟಿಯಲ್ಲಿ 600 ಕೋಟಿ ಇಟ್ಟಿರುವುದು ಎರಡು ಬಂದರುಗಳನ್ನು ಈ ಕೆಲಸಕ್ಕೆ ಸಜ್ಜುಗೊಳಿಸಲು. ಮುಂದಿನ ಹಂತದಲ್ಲಿ ಪಣಂಬೂರಿನ ಬಂದರಿನ ಹೆಸರೂ ಬರಬೇಕೆಂದರೆ ಭಾರ ತಾಳುವ ಧಕ್ಕೆ (ಹಡಗುಕಟ್ಟೆ), ಉದ್ದದ ರೆಕ್ಕೆ ಮಲಗಿಸುವ ಬಯಲು, ತಿರುವುಗಳಲ್ಲಿ ಟ್ರೈಲರ್ ಹಾದುಹೋಗುವ ರಸ್ತೆ ಈಗಿನಿಂದಲೇ ಬೇಕು. ಐಟಿಐಗಳಲ್ಲಿ ಗಾಜಿನೆಳೆ ರಿಪೇರಿ, ಹಗ್ಗದ ಮೇಲಿನ ಕೆಲಸ, ಕೇಬಲ್ ಜಾಯಿಂಟಿಂಗ್ ಕಲಿಸಲಿ. ಸ್ಟೀಲ್ ಬೋಟಿನ ತಳಕ್ಕೆ ತುಕ್ಕು ಹಿಡಿಯದಂತೆ ಝಿಂಕ್ ಬಿಲ್ಲೆ ಬೆಸೆಯುವವರು ಮಲ್ಪೆಯಲ್ಲಿದ್ದಾರೆ. ಕಡಲಲ್ಲಿ ನಿಲ್ಲುವ ಉಕ್ಕಿನ ಕಂಬಕ್ಕೂ ಅದೇ ತತ್ವದಲ್ಲಿ ಅಲ್ಯುಮಿನಿಯಂ ಗಟ್ಟಿಗಳನ್ನು ಬೆಸೆಯುತ್ತಾರೆ, ಗಾತ್ರ ಮಾತ್ರ ದೊಡ್ಡದು.