ಬಳೆಯೋ, ಬಲೆಯೋ, ಬಾಳೆಯೋ

ಹಬ್ಬದ ಹಿಂದಿನ ದಿನ ಪೇಟೆಯಲ್ಲಿದ್ದೆ. ಹತ್ತನೇ ಕ್ಲಾಸಿನ ಮಗಳಿಂದ ಮೆಸೇಜು ಬಂತು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಬಿ, ಎ, ಎಲ್, ಇ, ಆಮೇಲೆ 'ತಗೊಂಡು ಬಾ'. ಹಬ್ಬ ಅಲ್ವಾ, ಒಂದು ಡಜನ್ ಹಸಿರು ಬಳೆ ಕಟ್ಟಿಸಿಕೊಂಡು ಹೋದೆ. ಮನೆಯಲ್ಲಿ ನನ್ನ ಹೆಂಡತಿ ಬಾಳೆಎಲೆಗೆ ಕಾಯುತ್ತಿದ್ದಳು. 'ಬಾಳೆಎಲೆ ಅಂತ ಪೂರ್ತಿ ಯಾರಪ್ಪಾ ಟೈಪ್ ಮಾಡ್ತಾರೆ?' ಎಂದಳು ಮಗಳು. ಪುಣ್ಯಕ್ಕೆ ನಮ್ಮ ಪೇಟೆಯಲ್ಲಿ ಮೀನಿನ ಬಲೆ ಸಿಗುವುದಿಲ್ಲ.

ಬೈಯೋಣವೆಂದರೆ, ಇದನ್ನು ಶುರು ಮಾಡಿದ್ದೇ ನಾವು. ಎಸ್‌ಎಂಎಸ್ ಕಾಲದಲ್ಲಿ ಇಂಗ್ಲಿಷ್ ಅಕ್ಷರವಾದರೆ ಒಂದು ಮೆಸೇಜಿಗೆ 160, ಕನ್ನಡವಾದರೆ ಬರೀ 70, ಅದರಲ್ಲೂ ಗುಣಿತಕ್ಕೆ ಬೇರೆ ಲೆಕ್ಕ, ಒತ್ತಿಗೆ ಬೇರೆ ಲೆಕ್ಕ. ನಾವು ಎರಡಕ್ಷರ ಅಂದುಕೊಂಡಿರುವ 'ಅಜ್ಜಿ' ಫೋನಿನ ಲೆಕ್ಕದಲ್ಲಿ ಐದು. ನನ್ನ ಹಳೇ ಫೋನಿನಲ್ಲಂತೂ ಕನ್ನಡವೇ ಮೂಡುತ್ತಿರಲಿಲ್ಲ, ಬರೀ ಚೌಕ ಚೌಕ ಡಬ್ಬಿ. ಈಗ ಕೀಬೋರ್ಡ್ ಇದೆ, ಅಕ್ಷರ ಎಣಿಸುವ ಕಷ್ಟ ಇಲ್ಲ. ಚಟ ಮಾತ್ರ ಹೋಗಲಿಲ್ಲ.

ಈಗಿನ ಮಕ್ಕಳು ಬರೆಯೋದೇ ಇಲ್ಲ ಅಂತಾರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಅವಳ ವಯಸ್ಸಿನಲ್ಲಿ ನಾನು ಶಾಲೆಯ ಹೊರಗೆ ಬರೆದದ್ದು ವರ್ಷಕ್ಕೆ ಎರಡು ಇನ್‌ಲ್ಯಾಂಡ್ ಲೆಟರ್, ಅದೂ ಅಮ್ಮ ಪಕ್ಕದಲ್ಲಿ ಕೂತು ಹೇಳಿದ್ದು. ಇವಳು ಬೆಳಗಿಂದ ರಾತ್ರಿವರೆಗೂ ಬರೆಯುತ್ತಾಳೆ. ಒಂದು ವಾಕ್ಯವನ್ನು ನಾಲ್ಕು ತುಂಡು ಮಾಡಿ ಟಣ್ ಟಣ್ ಅಂತ ಕಳಿಸುತ್ತಾಳೆ, ನಾನು ಕನ್ನಡಕ ಹುಡುಕುವಷ್ಟರಲ್ಲಿ ಅದರಲ್ಲಿ ಎರಡನ್ನು ಅಳಿಸಿಯೂ ಇರುತ್ತಾಳೆ. ಒಮ್ಮೆ ನಾನು 'ಸರಿ' ಎಂದು ಬರೆದು ಸುಮ್ನೆ ಒಂದು ಫುಲ್‌ಸ್ಟಾಪ್ ಇಟ್ಟೆ. ತಕ್ಷಣ ಫೋನು. 'ಅಪ್ಪಾ, ಕೋಪಾನಾ?' ಚುಕ್ಕಿ ಇಟ್ಟರೆ ಮುನಿಸು ಅಂತ ಅರ್ಥವಂತೆ!

ನಿನ್ನೆ ಕನ್ನಡ ಪರೀಕ್ಷೆಗೆ ಪತ್ರಲೇಖನ ಅಭ್ಯಾಸ ಮಾಡುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ಕಾಗದವನ್ನೂ ಡಬ್ಬಿಗೆ ಹಾಕದ ಹುಡುಗಿ, 'ತೀರ್ಥರೂಪು ತಂದೆಯವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು' ಅಂತ ಶುರು ಮಾಡಿ, ಶಾಲಾ ಪ್ರವಾಸಕ್ಕೆ ಎರಡು ಸಾವಿರ ಕಳಿಸಬೇಕೆಂದು ಕೇಳಿಕೊಂಡಿದ್ದಳು. ತೀರ್ಥರೂಪು ಪಕ್ಕದ ಕುರ್ಚಿಯಲ್ಲೇ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಬಗ್ಗಿ ನೋಡಿದೆ. ಕೊನೆಯಲ್ಲಿ 'ಇಂತಿ ನಿಮ್ಮ ಪ್ರೀತಿಯ ಮಗಳು, ಕಖಗ'. ಳಕಾರ ಸರಿಯಾಗಿಯೇ ಇತ್ತು. ಆದರೆ ಇಡೀ ಕಾಗದದಲ್ಲಿ ಒಂದೇ ಒಂದು ಫುಲ್‌ಸ್ಟಾಪ್ ಇಲ್ಲ.

ಯಾಕಮ್ಮಾ ಅಂದೆ.

'ದುಡ್ಡು ಕೇಳ್ತಿದೀನಲ್ಲಪ್ಪಾ' ಎಂದಳು.