ಭಾನುವಾರದ ಹುಳಿ ಶನಿವಾರಕ್ಕಾಗದು: ಒಂದು ಸ್ಪಷ್ಟನೆ

“ಭಾನುವಾರವೇ ಅನ್ನ, ಹುಳಿ, ಪಲ್ಯ ಮಾಡಿ ಫ್ರಿಜ್‌ನಲ್ಲಿಡಿ. ಶನಿವಾರದವರೆಗೆ ಚಿಂತೆಯಿಲ್ಲ, ತಿನ್ನುವ ಮೊದಲು ಕುದಿಸಿಕೊಂಡರೆ ಸಾಕು” ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿದೆ. ಕೆಲಸಕ್ಕೆ ಹೋಗುವವರಿಗೆ ಕೇಳಲು ಹಿತ, ಆದರೆ ಸರಿಯಲ್ಲ.

ಬೇಯಿಸಿದ ಅಡುಗೆ 4 ಡಿಗ್ರಿ ಸೆಲ್ಸಿಯಸ್‌ನೊಳಗಿನ ತಂಪಿನಲ್ಲಿ 3ರಿಂದ 4 ದಿನ ಇರುತ್ತದೆ, ಅಷ್ಟೇ. ಅದೂ ಒಲೆಯಿಂದ ಇಳಿಸಿದ 2 ಗಂಟೆಯೊಳಗೆ ಫ್ರಿಜ್ ಸೇರಿದ್ದರೆ. ಕರೆಂಟು ಹೋಗಿ ಬರುವ ಊರುಗಳಲ್ಲಿ ಇನ್ನೂ ಕಡಿಮೆ ಎಂದುಕೊಳ್ಳಿ.

ಅನ್ನದ ವಿಷಯ ಬೇರೆಯೇ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನವನ್ನು ಹೊರಗೆ ಬಿಟ್ಟರೆ ಅವು ಮೊಳೆತು, ವಾಂತಿ ತರಿಸುವ ವಿಷ ಉಂಟುಮಾಡುತ್ತವೆ. ಆ ವಿಷ ಮತ್ತೆ ಕುದಿಸಿದರೂ ಹೋಗದು. ಆದ್ದರಿಂದ “ಕುದಿಸಿದರೆ ಸಾಕು” ಎನ್ನುವ ಮಾತೇ ಅಪಾಯದ್ದು. ಅನ್ನವನ್ನು ದಿನಾ ಮಾಡಿ. ಕುಕ್ಕರಿಗೆ ಎಷ್ಟು ಹೊತ್ತು ಬೇಕು?

ಹಾಗೆಂದು “ಫ್ರಿಜ್ ಊಟವೆಲ್ಲ ವಿಷ” ಎನ್ನುವ ಇನ್ನೊಂದು ಸಂದೇಶವನ್ನೂ ನಂಬಬೇಡಿ. (ಕಳಿಸಿದವರ ಮನೆಯಲ್ಲೂ ದೋಸೆಹಿಟ್ಟು ಫ್ರಿಜ್‌ನಲ್ಲೇ ಇರುತ್ತದೆ!)

ವಾರಕ್ಕೆ ಮೊದಲೇ ಮಾಡಿಡಬೇಕಾದದ್ದು ಊಟವನ್ನಲ್ಲ, ಅದರ ತಯಾರಿಯನ್ನು. ಸಾರಿನಪುಡಿ ಹುರಿದು ಪುಡಿಮಾಡಿಡಿ, ತೆಂಗಿನಕಾಯಿ ತುರಿದು ಫ್ರೀಜರ್‌ಗೆ ಹಾಕಿ, ಸೊಪ್ಪು ಬಿಡಿಸಿಡಿ, ಹೆಸರುಕಾಳು ನೆನೆಸಿ ಮೊಳಕೆ ಕಟ್ಟಿ. ಬೇಯಿಸಿದ ಬೇಳೆ ಮೂರು ದಿನಕ್ಕಾಗುವಷ್ಟು ಮಾತ್ರ ಇರಲಿ. ಬುಧವಾರ ಸಂಜೆ ಇನ್ನೊಮ್ಮೆ ಕುಕ್ಕರ್ ಇಟ್ಟರೆ ವಾರದ ಉಳಿದರ್ಧ ಸಾಗುತ್ತದೆ.